ನೂರು ವರ್ಷದ ಹಿಂದಿನ ಪ್ಲೇಟು, ನಮ್ಮ ಪೋಸ್ಟರ್

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಹೇಳಿಕೊಳ್ಳುವಂಥ ದೂರದರ್ಶಕ ಇಲ್ಲ. ಆದರೂ ಗಾಯಾ ಆಕಾಶ ಸಮೀಕ್ಷೆಯ ಬಗ್ಗೆ ಆನ್‌ಲೈನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಾನು ಮತ್ತು ಇಬ್ಬರು ವಿದ್ಯಾರ್ಥಿಗಳು ಪೋಸ್ಟರ್ (ಮಾಡಿದ ಕೆಲಸವನ್ನು ಒಂದೇ ಹಾಳೆಯಲ್ಲಿ ತೋರಿಸುವ ಫಲಕ) ಇಟ್ಟೆವು. ಹೇಗೆ ಮಾಡಿದೆವು ಅಂತ ಹಲವರು ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ನಕ್ಷತ್ರಗಳ ಸ್ಥಾನ, ವೇಗ ಅಳೆಯಲೆಂದೇ ಕಳಿಸಿದ ಯುರೋಪಿನ ಗಾಯಾ ಉಪಗ್ರಹ 2013ರ ಡಿಸೆಂಬರ್‌ನಲ್ಲಿ ಹಾರಿತು, 2025ರ ಮಾರ್ಚ್‌ನಲ್ಲಿ ಅದನ್ನು ಪೂರ್ತಿ ಆಫ್ ಮಾಡಿದರು. 2022ರಲ್ಲಿ ಬಂದ ಅದರ ಮೂರನೇ ಪಟ್ಟಿಯಲ್ಲಿ ಸುಮಾರು 180 ಕೋಟಿ ನಕ್ಷತ್ರಗಳಿವೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಹಾಗಾಗಿ ಮಾಹಿತಿ ಸಿಗುವುದು ಕಷ್ಟ ಅಲ್ಲ, ಏನು ಕೇಳಬೇಕು ಅನ್ನುವುದೇ ಕಷ್ಟ. ದೊಡ್ಡ ದೊಡ್ಡ ತಂಡಗಳು ಇದರ ಮೇಲೆ ಕೂತಿವೆ. ನಾವು ಕೇಳಲು ಏನು ಉಳಿದಿದೆ?

ಉತ್ತರ ನಮ್ಮ ಕಡೆಯ ಇತಿಹಾಸದಲ್ಲೇ ಸಿಕ್ಕಿತು. 1887ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶಗಳ ಖಗೋಳ ವಿಜ್ಞಾನಿಗಳು ಸೇರಿದ್ದರು. ಇಡೀ ಆಕಾಶದ ಫೋಟೋ ತೆಗೆಯೋಣ, ಆಕಾಶವನ್ನು ಅಡ್ಡ ಪಟ್ಟೆಗಳಾಗಿ ಹಂಚಿಕೊಳ್ಳೋಣ ಅಂತ ತೀರ್ಮಾನ ಆಯಿತು. ಹೊಲ ಪಾಲು ಮಾಡಿದ ಹಾಗೆ. ಆಕಾಶದ ಸಮಭಾಜಕ ರೇಖೆಯಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿಯ ಪಟ್ಟೆ ಮೊದಲು ಚಿಲಿ ದೇಶದ ಸ್ಯಾಂಟಿಯಾಗೊಗೆ ಹೋಗಿತ್ತು. ಅವರಿಂದ ಆಗಲಿಲ್ಲ. ಆ ಪಾಲು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ ಬಂತು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ರಾಜ್ಯದಲ್ಲೇ ಇದ್ದವು. ನಮ್ಮೂರಿನಿಂದ ನೋಡಿದರೆ ಆ ಪಟ್ಟೆ ದಕ್ಷಿಣದಲ್ಲಿ 50ರಿಂದ 56 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಸರ್, ಅಂದ್ರ ಇದು ನಮ್ಮ ಕಡೀದs ಕೆಲಸ ಅಲ್ಲೇನ್ರಿ?" ಅಂದಳು. ಆ ಮಾತೇ ನಮ್ಮ ವಿಷಯ ಆಯಿತು: ಆಗಿನ ಸ್ಥಾನಗಳನ್ನು ಗಾಯಾದ ಸ್ಥಾನಗಳ ಜೊತೆ ಇಟ್ಟು, ಯಾವ ನಕ್ಷತ್ರ ಎಷ್ಟು ಸರಿದಿದೆ ಅಂತ ನೋಡುವುದು.

ಆಗ ಫೋಟೋ ತೆಗೆದದ್ದು ಗಾಜಿನ ಪ್ಲೇಟುಗಳ ಮೇಲೆ. ಅವುಗಳಿಂದ ಕೈಯಾರೆ ಅಳೆದ ನಕ್ಷತ್ರಗಳ ಸ್ಥಾನಗಳು ಇವತ್ತು ಕಂಪ್ಯೂಟರಿನಲ್ಲಿ ಸಿಗುತ್ತವೆ. ಅಮೆರಿಕದ ನೌಕಾ ವೀಕ್ಷಣಾಲಯ ಎಲ್ಲ ದೇಶಗಳ ಅಳತೆಗಳನ್ನು ಸೇರಿಸಿ 46 ಲಕ್ಷ ನಕ್ಷತ್ರಗಳ ಒಂದೇ ಕ್ಯಾಟಲಾಗ್ ಮಾಡಿದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವಿಜಿಯರ್ ಅನ್ನುವ ಆನ್‌ಲೈನ್ ಕ್ಯಾಟಲಾಗ್ ಸೇವೆಯಿಂದ ನಮ್ಮ ಪಟ್ಟೆಯ ನಕ್ಷತ್ರಗಳನ್ನು ಇಳಿಸಿಕೊಂಡೆವು. ಮೊದಲ ಸಲ ಬಂದದ್ದು ಬರೀ 50 ಸಾಲು! ಅಲ್ಲಿ ಮಿತಿ 50 ಅಂತಲೇ ಇರುತ್ತದೆ, ನಾವೇ ತೆಗೆಯಬೇಕು. ಹೊಸಬರು ಇದನ್ನು ಮರೆಯಬೇಡಿ.

ಮುಂದೆ ಟಾಪ್‌ಕ್ಯಾಟ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಹಳೆಯ ಪಟ್ಟಿಯನ್ನೂ ಗಾಯಾ ಪಟ್ಟಿಯನ್ನೂ ಹೊಂದಿಸಿದೆವು. ಎರಡರ ನಡುವೆ 2 ಆರ್ಕ್‌ಸೆಕೆಂಡ್‌ಗಿಂತ ಕಡಿಮೆ ದೂರ ಇದ್ದರೆ ಒಂದೇ ನಕ್ಷತ್ರ ಅಂತ ಲೆಕ್ಕ (1 ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು 1 ಆರ್ಕ್‌ಸೆಕೆಂಡ್). ಗ್ರಾಫ್ ಚೆನ್ನಾಗಿ ಬಂತು, ಖುಷಿಯಾಯಿತು. ಆದರೆ ಅದೇ ಹುಡುಗಿ ಗ್ಲೀಸ 229 ನಕ್ಷತ್ರ ಹುಡುಕಿದಳು, ಅದು ಇರಲೇ ಇಲ್ಲ. ಓರಿಯನ್ ಕಾಲ ಕೆಳಗಿನ ಮೊಲದ ಪುಂಜದಲ್ಲಿರುವ ಈ ನಕ್ಷತ್ರ ನಮ್ಮಿಂದ ಸುಮಾರು 19 ಜ್ಯೋತಿರ್ವರ್ಷ ದೂರ. ವರ್ಷಕ್ಕೆ 0.7 ಆರ್ಕ್‌ಸೆಕೆಂಡ್‌ಗಿಂತ ಜಾಸ್ತಿ ಸರಿಯುತ್ತದೆ. ನೂರು ವರ್ಷದಲ್ಲಿ 70ಕ್ಕೂ ಹೆಚ್ಚು! ಆ ಯೋಜನೆಯ ಪ್ಲೇಟಿನಲ್ಲಿ 1 ಮಿಲಿಮೀಟರ್ ಅಂದರೆ 60 ಆರ್ಕ್‌ಸೆಕೆಂಡ್. ಅಂದರೆ ಅಲ್ಲಿ ಬರಿಗಣ್ಣಿಗೇ ಕಾಣುವಷ್ಟು ಸರಿದಿದೆ. ನಮ್ಮ ಲೆಕ್ಕ ಓಡುವ ನಕ್ಷತ್ರಗಳನ್ನೇ ಹೊರಗೆ ಹಾಕಿತ್ತು. ನಮಗೆ ಬೇಕಾಗಿದ್ದೇ ಅವು.

ಹಾಗಾಗಿ ಎಲ್ಲ ಮೊದಲಿಂದ. ಪ್ರತಿ ನಕ್ಷತ್ರದ ಹಳೆಯ ಫೋಟೋ ಯಾವಾಗಿನದು ಅಂತ ಕ್ಯಾಟಲಾಗಿನಲ್ಲೇ ಇದೆ. ಗಾಯಾ ಕೊಟ್ಟ ವೇಗ ಹಿಡಿದು ಪ್ರತಿ ನಕ್ಷತ್ರವನ್ನೂ ಆ ದಿನಕ್ಕೆ ಹಿಂದೆ ಸರಿಸಿ, ಆಮೇಲೆ ಹೊಂದಿಸಿದೆವು. ಮೊಲದ ನಕ್ಷತ್ರ ಸಿಕ್ಕಿತು. ಕೆಲವು ಮಾತ್ರ ಆಗಲೂ ತಮ್ಮ ಜಾಗಕ್ಕೆ ಬರಲಿಲ್ಲ. ಗಾಯಾದ ಮೂರನೇ ಪಟ್ಟಿಯ ಹಿಂದಿರುವುದು 34 ತಿಂಗಳ ವೀಕ್ಷಣೆ, ಪ್ಲೇಟಿನದು ನೂರು ವರ್ಷದ ಓಟ. ಪಕ್ಕದಲ್ಲಿ ಕಾಣದ ಜೊತೆಗಾರ ಇದ್ದರೆ ನಕ್ಷತ್ರ ಓಲಾಡುತ್ತದೆ, ಎರಡು ವೇಗಗಳು ಒಂದೇ ಆಗುವುದಿಲ್ಲ. ಇಂಥವುಗಳ ಪಟ್ಟಿಯೇ ನಮ್ಮ ಪೋಸ್ಟರ್.

ಪೋಸ್ಟರ್ ತೋರಿಸುವ ಹೊತ್ತು ನಮಗೆ ರಾತ್ರಿ 11 ಗಂಟೆ. ಕರೆಂಟ್ ಹೋದರೆ ಅಂತ ಇನ್ವರ್ಟರ್ ಇದ್ದ ವಿದ್ಯಾರ್ಥಿಯ ಮನೆಯಲ್ಲಿ ಕೂತೆವು. ಅವರ ತಾಯಿ ನಮಗೆಲ್ಲ ರೊಟ್ಟಿ ಪಲ್ಯ ಬಡಿಸಿದರು. ಮೊದಲ 20 ನಿಮಿಷ ಯಾರೂ ಬರಲಿಲ್ಲ. ಆಮೇಲೆ ಬಂದ ಒಬ್ಬರು ಒಂದೇ ಪ್ರಶ್ನೆ ಕೇಳಿದರು: ಹೊಳಪಿನ ನಕ್ಷತ್ರ, ಮಸುಕಿನ ನಕ್ಷತ್ರ ಬೇರೆ ಬೇರೆ ಮಾಡಿ ನೋಡಿದ್ದೀರಾ? ಹಳೆಯ ಪ್ಲೇಟುಗಳಲ್ಲಿ ಹೊಳಪಿಗೆ ತಕ್ಕಂತೆ ಸ್ಥಾನ ಸ್ವಲ್ಪ ಜರುಗುವ ದೋಷ ಇರುತ್ತದಂತೆ. ನಾವು ನೋಡಿರಲಿಲ್ಲ. ಹಾಗೇ ಹೇಳಿದೆವು. ಆತ ಅರ್ಧ ಗಂಟೆ ಕೂತು ವಿಧಾನ ತೋರಿಸಿದರು. ಆ ಅರ್ಧ ಗಂಟೆ ನನಗೆ ಉಳಿದೆಲ್ಲ ಭಾಷಣಗಳಿಗಿಂತ ದೊಡ್ಡದು.

ಅದರಂತೆ ಮಾಡಿದಾಗ ನಮ್ಮ ಪಟ್ಟಿ ಬಹಳ ಚಿಕ್ಕದಾಯಿತು. ಉಳಿದವುಗಳ ಮೇಲೆ ಈಗ ನಂಬಿಕೆ ಜಾಸ್ತಿ. ಹೈದರಾಬಾದ್ ಆಮೇಲೆ ಉತ್ತರದ 36ರಿಂದ 39 ಡಿಗ್ರಿಯ ಪಟ್ಟೆಯನ್ನೂ ತೆಗೆದುಕೊಂಡಿತ್ತು. ಹುಡುಗಿ ಅದನ್ನು ಆಗಲೇ ಇಳಿಸಿ ಇಟ್ಟಿದ್ದಾಳೆ, ಈ ಸಲ 50ರ ಮಿತಿ ತೆಗೆದು.