ಕಾಲೇಜು ತಂಡದ ಅಭಿಮಾನ: ಪದವಿ ಮುಗಿದ ಮೇಲೂ ಬಾಡದಂತೆ ನೋಡಿಕೊಳ್ಳುವ ಬಗೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಓಕ್ ಮರದ ಒಂದು ಹಳೆಯ ಬಕೆಟ್ ಇದೆ, ಬಾವಿಯಿಂದ ನೀರು ಸೇದುವಂಥದ್ದು. ಪರ್ಡೂ ಮತ್ತು ಇಂಡಿಯಾನಾ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು 1925ರಿಂದ ಇದಕ್ಕಾಗಿ ಜಿದ್ದಿಗೆ ಬಿದ್ದಿವೆ. (ಫುಟ್‌ಬಾಲ್ ಅಂದರೆ ಅಮೆರಿಕದವರದು, ಕೈಯಲ್ಲಿ ಆಡುವುದು.) ಗೆದ್ದವರು ಪರ್ಡೂ ಆದರೆ ‘ಪಿ’, ಇಂಡಿಯಾನಾ ಆದರೆ ‘ಐ’ ಅಕ್ಷರವನ್ನು ಕಂಚಿನಲ್ಲಿ ಮಾಡಿಸಿ ಬಕೆಟ್ಟಿನ ಸರಪಳಿಗೆ ಸೇರಿಸುತ್ತಾರೆ. ಮೊದಲ ವರ್ಷದ ಪಂದ್ಯ 0–0 ಡ್ರಾ ಆದ್ದರಿಂದ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ ಒಟ್ಟಿಗಿವೆ.

2023ರಲ್ಲಿ ಪರ್ಡೂ 35–31ರಿಂದ ಬಕೆಟ್ ಒಯ್ದಿತು. ಮರುವರ್ಷ ಇಂಡಿಯಾನಾ 66–0ಯಿಂದ ಕಿತ್ತುಕೊಂಡಿತು. ಹನ್ನೆರಡೇ ತಿಂಗಳಲ್ಲಿ ಹೀಗೆ ತಲೆಕೆಳಗಾಗುವ ಆಟದಲ್ಲಿ ಅಭಿಮಾನ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಅಂದುಕೊಳ್ಳುವುದೇ ತಪ್ಪು. ಅದು ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಮನೆಯನ್ನೇ ಬದಲಿಸುತ್ತದೆ. ಓದಲು ಅಲ್ಲಿಗೆ ಹೋದವರು, ಮಕ್ಕಳನ್ನು ಅಲ್ಲಿ ಸೇರಿಸಿದವರು, ಓದು ಮುಗಿಸಿ ಬೆಂಗಳೂರಿಗೆ ಮರಳಿದವರು, ಎಲ್ಲರಿಗೂ ಅನ್ವಯಿಸುವಂತೆ ಇದೇ ಎರಡು ತಂಡಗಳನ್ನು ಎದುರಿಗಿಟ್ಟುಕೊಂಡು ಹೇಳುತ್ತೇವೆ.

ಮೊದಲು ಗೂಟ ಯಾವುದು ನೋಡಿ

ಒಂದು ಹಾಳೆಯಲ್ಲಿ ಐದು ಪದ ಬರೆಯಿರಿ: ಆಟಗಾರ, ಕೋಚ್, ಎದುರಾಳಿ, ಊರು, ಜೊತೆಗಾರರು. ತಂಡ ನೆನಪಾದಾಗ ಇವುಗಳಲ್ಲಿ ಯಾವುದು ಮೊದಲು ಕಣ್ಣಿಗೆ ಬರುತ್ತದೋ ಅದರ ಮುಂದೆ ಗುರುತು ಹಾಕಿ. ನಿಮ್ಮ ಅಭಿಮಾನ ಕಟ್ಟಿರುವುದು ಆ ಗೂಟಕ್ಕೆ. ಮುಂದೆ ಏನು ಕೆಡಬಹುದು ಎಂಬುದು ಗೂಟದ ಮೇಲೆ ನಿಂತಿದೆ.

ಆಟಗಾರ ಅಂತ ಗುರುತು ಹಾಕಿದ್ದರೆ ಈಗಲೇ ಎಚ್ಚರವಾಗಿ. ಹಿಂದೆ ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬದಲಿಸಬಯಸುವವರು ಹೆಸರು ಸೇರಿಸುವ ಆನ್‌ಲೈನ್ ಪಟ್ಟಿ. 2021ರಲ್ಲಿ ಮೊದಲ ಸಲದ ವರ್ಗಾವಣೆಗೆ ಆ ಶಿಕ್ಷೆ ತೆಗೆದರು, 2024ರಲ್ಲಿ ಓದಿನಲ್ಲಿ ಪಾಸಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಪಾಲು ಕೊಡುತ್ತಿವೆ, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹಾಗಾಗಿ ಈ ವರ್ಷ ನೀವು ಕೂಗಿ ಕುಣಿದ ಹುಡುಗ ಮುಂದಿನ ವರ್ಷ ಎದುರು ಪಾಳಯದಲ್ಲಿರಬಹುದು. ಅವನನ್ನು ದ್ರೋಹಿ ಅನ್ನುವುದು ಬೇಡ. ಕೋಚ್‌ಗಳು ಇದನ್ನೇ ಹಿಂದಿನಿಂದಲೂ ಮಾಡಿಕೊಂಡು ಬಂದಿದ್ದಾರೆ, ಯಾರೂ ಅವರನ್ನು ಒಂದು ವರ್ಷ ಬೆಂಚಿನ ಮೇಲೆ ಕೂರಿಸಲಿಲ್ಲ. ಇಂಡಿಯಾನಾಗೆ ಒಳ್ಳೆಯ ಕಾಲ ತಂದದ್ದೂ ಇದೇ ಬಾಗಿಲು. ಕೋಚ್ ಕರ್ಟ್ ಸಿಗ್ನೆಟಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬರುವಾಗ ಹತ್ತಕ್ಕೂ ಹೆಚ್ಚು ಆಟಗಾರರು ಬೆನ್ನಿಗೇ ಬಂದರು. 2023ರಲ್ಲಿ 3 ಗೆದ್ದು 9 ಸೋತಿದ್ದ ತಂಡ 2024ರಲ್ಲಿ 11 ಗೆದ್ದಿತು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವನು) ಫರ್ನಾಂಡೊ ಮೆಂಡೋಜಾ ಜೊತೆ 2025ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ನೇ ಆಯಿತು.

ಇದರಿಂದ ಬರುವ ಖರ್ಚಿನ ಪಾಠ: ಆಟಗಾರನ ಹೆಸರಿರುವ ಜೆರ್ಸಿ ಕೊಳ್ಳಬೇಡಿ. ಕಾಲೇಜಿನ ಹೆಸರು, ಬಣ್ಣ ಮಾತ್ರ ಇರುವ ಒಂದು ಸ್ವೆಟ್‌ಶರ್ಟ್ ಸಾಕು. ಇಸವಿ ಅಚ್ಚಾಗಿರಬಾರದು. ಸೋತ ಸೀಸನ್ ಮುಗಿದ ಜನವರಿಯಲ್ಲಿ ಕೊಂಡರೆ ಅಗ್ಗ.

ಕೋಚ್ ಎಂಬ ಗೂಟ ಇನ್ನೂ ಗಟ್ಟಿ, ಮುರಿದಾಗ ಆಗುವ ಗಾಯವೂ ದೊಡ್ಡದು. ಬಾಬ್ ನೈಟ್ 1971ರಿಂದ 2000ದವರೆಗೆ ಇಂಡಿಯಾನಾ ಬಾಸ್ಕೆಟ್‌ಬಾಲ್ ಕೋಚ್ ಆಗಿ 1976, 1981, 1987ರಲ್ಲಿ ಚಾಂಪಿಯನ್‌ಷಿಪ್ ತಂದವರು. 1976ರ ತಂಡ ಆಡಿದ 32 ಪಂದ್ಯವನ್ನೂ ಗೆದ್ದಿತು. ಆಮೇಲೆ ಪುರುಷರ ವಿಭಾಗದಲ್ಲಿ ಯಾವ ಚಾಂಪಿಯನ್ನೂ ಸೋಲಿಲ್ಲದೆ ಮುಗಿಸಿಲ್ಲ. ನಡವಳಿಕೆಯ ಕಾರಣಕ್ಕೆ 2000ದ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ನೈಟ್ ಮತ್ತೆ ಇಂಡಿಯಾನಾದ ಬಾಸ್ಕೆಟ್‌ಬಾಲ್ ಅಂಗಣವಾದ ಅಸೆಂಬ್ಲಿ ಹಾಲ್‌ನಲ್ಲಿ ಪಂದ್ಯಕ್ಕೆ ಕಾಲಿಟ್ಟದ್ದು 2020ರ ಫೆಬ್ರವರಿಯಲ್ಲಿ, ಅಂದರೆ ಸುಮಾರು ಇಪ್ಪತ್ತು ವರ್ಷದ ಮುನಿಸಿನ ನಂತರ. ಕೋಚ್ ಹೋದಾಗ ಮಾಡಬೇಕಾದ್ದು ಇಷ್ಟೇ: ಒಂದು ಇಡೀ ಸೀಸನ್ ಏನನ್ನೂ ತೀರ್ಮಾನಿಸಬೇಡಿ. ಸೀಸನ್ ಟಿಕೆಟ್ ಇದ್ದರೆ ಸಿಟ್ಟಿನಲ್ಲಿ ಬಿಟ್ಟುಕೊಡಬೇಡಿ. ಯಾಕೆ ಎಂಬುದನ್ನು ಮುಂದೆ ಹೇಳಿದೆ.

ಎದುರಾಳಿ ಯಾವತ್ತೂ ಕದಲುವುದಿಲ್ಲ ಅಂದುಕೊಳ್ಳುತ್ತಿದ್ದ ಕಾಲವೊಂದಿತ್ತು. ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟದ ಹನ್ನೆರಡರಲ್ಲಿ ಹತ್ತು ಕಾಲೇಜು ಟಿವಿ ದುಡ್ಡಿನ ಬೆನ್ನುಹತ್ತಿ 2024ರಲ್ಲಿ ಹೊರನಡೆದವು, ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಮಾತ್ರ ಉಳಿದವು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವಿನ ಪಂದ್ಯ 2011ರಲ್ಲಿ ನಿಂತದ್ದು ಮತ್ತೆ ನಡೆದದ್ದು 2024ರಲ್ಲಿ. ನಡುವಿನ ವರ್ಷಗಳಲ್ಲಿ ಪಂದ್ಯ ಇರಲಿಲ್ಲವೇ ಹೊರತು ಬೈಗುಳ ನಿಂತಿರಲಿಲ್ಲ. ಬಕೆಟ್ ಪಂದ್ಯ ಮಾತ್ರ ಸದ್ಯಕ್ಕೆ ಭದ್ರ. ಇವೆರಡೂ ಇರುವ, ಹದಿನೆಂಟು ತಂಡಗಳ ಬಿಗ್ ಟೆನ್ ಕೂಟದ ವೇಳಾಪಟ್ಟಿಯಲ್ಲಿ ಪ್ರತಿವರ್ಷ ನಡೆಯಲೇಬೇಕೆಂದು ಕಾದಿರಿಸಿದ ಜೋಡಿಗಳಲ್ಲಿ ಅದೂ ಒಂದು. (ಬಿಗ್ ‘ಟೆನ್’ನಲ್ಲಿ ಹದಿನೆಂಟು ಹೇಗೆ ಅಂತ ಕೇಳಬೇಡಿ.)

ಉಳಿದ ಎರಡು ಗೂಟ, ಊರು ಮತ್ತು ಜೊತೆಗಾರರು, ಬಾಳಿಕೆ ಬರುವಂಥವು. ಮೇಲಿನ ಮೂರಕ್ಕೆ ಕಟ್ಟಿದ್ದನ್ನು ನಿಧಾನವಾಗಿ ಈ ಎರಡಕ್ಕೆ ಸರಿಸುವುದೇ ಮುಂದಿನ ಕೆಲಸ.

ಸೋಮವಾರದ ಪರೀಕ್ಷೆ

1970ರ ದಶಕದಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಸೋಮವಾರ ಯಾರು ಯಾವ ಬಟ್ಟೆ ಹಾಕಿಕೊಂಡು ಬರುತ್ತಾರೆ ಎಂದು ಎಣಿಸಿದರು. ಶನಿವಾರ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಬಟ್ಟೆ ಹೆಚ್ಚು ಕಾಣುತ್ತಿತ್ತು. ಫೋನಿನಲ್ಲಿ ಪಂದ್ಯದ ಬಗ್ಗೆ ಕೇಳಿದಾಗ ಗೆದ್ದದ್ದನ್ನು ಹೇಳುವಾಗ ‘ನಾವು’ ಹೆಚ್ಚು ಬಂತು, ಸೋತದ್ದಕ್ಕೆ ಕಡಿಮೆ. 1976ರಲ್ಲಿ ಪ್ರಕಟವಾದ ಈ ಕೆಲಸ ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಸಿಕ್ಕ ಲೆಕ್ಕದ ಪುರಾವೆ.

ಕನ್ನಡದಲ್ಲಿ ಈ ಪರೀಕ್ಷೆ ಇನ್ನೂ ಸುಲಭ, ಸರ್ವನಾಮವೇ ಬೇಡ. ಮನೆಯ ವಾಟ್ಸಾಪ್ ಗುಂಪಿನಲ್ಲಿ ನೀವೇ ಹಾಕಿದ ಸಂದೇಶ ತೆಗೆದು ಕ್ರಿಯಾಪದದ ಬಾಲ ನೋಡಿ. ‘ಗೆದ್ವಿ’ ಇದ್ದು, ಮರುವಾರ ‘ಸೋತ್ರು’ ಆಗಿದ್ದರೆ ಗೂಟ ಸಡಿಲವಾಗಿದೆ. ‘ಸೋತ್ವಿ’ ಇದ್ದರೆ ಗಟ್ಟಿ. ಒಂದು ಸೀಸನ್‌ನ 12 ಪಂದ್ಯಗಳಿಗೆ ಹೀಗೆ ಗುರುತು ಮಾಡಿ, ಸೋತವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ‘ಸೋತ್ರು’ ಬಂದರೆ ಆ ವರ್ಷ ದುಡ್ಡು ಹೆಚ್ಚಿಗೆ ಸುರಿಯಬೇಡಿ. ಇದು ಸಂಶೋಧನೆಯ ಅಳತೆಯಲ್ಲ, ಕೈ ಅಂದಾಜು. ಆದರೂ ಮೋಸ ಮಾಡುವುದಿಲ್ಲ, ಯಾಕೆಂದರೆ ಕ್ರಿಯಾಪದವನ್ನು ಯಾರೂ ಯೋಚಿಸಿ ಟೈಪ್ ಮಾಡುವುದಿಲ್ಲ.

ಓದುವ ವರ್ಷಗಳು

ಎಂ.ಎಸ್. ಮಾಡಲು ಹೋದವರು ಲ್ಯಾಬು, ಅಸೈನ್‌ಮೆಂಟಿನ ನಡುವೆ ಎರಡು ವರ್ಷ ಕಳೆದು ಒಂದೂ ಪಂದ್ಯ ನೋಡದೆ ಹೊರಬೀಳುವುದೇ ಹೆಚ್ಚು. ಆಮೇಲೆ ಹತ್ತಿಸಿಕೊಳ್ಳುವುದು ಕಷ್ಟ. ಮೊದಲ ಶರತ್ಕಾಲದಲ್ಲೇ ಮೂರು ಪಂದ್ಯಕ್ಕೆ ಹೋಗಿ: ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಸಣ್ಣ ತಂಡದ ಎದುರಿನದು ಒಂದು, ಟಿಕೆಟ್ ಕಡಿಮೆ, ಬಿಸಿಲೂ ಇರುತ್ತದೆ, ಹಳೆಯ ವಿದ್ಯಾರ್ಥಿಗಳು ಮರಳಿ ಬಂದು ಸೇರುವ ಹೋಮ್‌ಕಮಿಂಗ್ ಒಂದು, ಊರಿನಲ್ಲೇ ಇದ್ದರೆ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದ ಬಕೆಟ್ ಪಂದ್ಯ. ಅಲ್ಲಿನ ಹುಡುಗರು ಆ ರಜೆಗೆ ಮನೆಗೆ ಹೋಗಿರುತ್ತಾರೆ, ಹಾಗಾಗಿ ವಿದ್ಯಾರ್ಥಿ ಟಿಕೆಟ್ ಕೈಬದಲಾಗುವುದು ಸುಲಭ.

ಚೀಲದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬಹುತೇಕ ಕ್ರೀಡಾಂಗಣಗಳಲ್ಲಿ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ, 12×6×12 ಇಂಚು ಮೀರಬಾರದು. ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ಗೇಟಿನವರೆಗೆ ಹೋಗಿ ವಾಪಸ್ ನಡೆಯುವ ಹೊತ್ತಿಗೆ ಮೊದಲ ಕ್ವಾರ್ಟರ್ ಮುಗಿದಿರುತ್ತದೆ. ನವೆಂಬರ್‌ನಲ್ಲಿ ಲೋಹದ ಬೆಂಚು ಮಂಜುಗಡ್ಡೆಯಂತಾಗುತ್ತದೆ. ಕೆಳಗೆ ಹಾಸಲು ಹಳೆಯ ದಿನಪತ್ರಿಕೆಯಾದರೂ ಇರಲಿ, ಕಾಲಿಗೆ ಎರಡು ಜೊತೆ ಉಣ್ಣೆಯ ಸಾಕ್ಸ್. ನಿಯಮ ಪೂರ್ತಿ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎಂಬಷ್ಟು ತಿಳಿದರೆ ಮೊದಲ ದಿನಕ್ಕೆ ಸಾಕು. ಯಾರ ಪಕ್ಕ ಕೂರುತ್ತೀರಿ ಎಂಬುದು ಅದಕ್ಕಿಂತ ಮುಖ್ಯ. ಇಪ್ಪತ್ತು ವರ್ಷದ ನಂತರ ಉಳಿಯುವುದು ಅದೇ.

ಕೆಲಸ, ಮದುವೆ, ಮಕ್ಕಳು

ಪದವಿಯ ನಂತರದ ಎರಡು–ಮೂರು ವರ್ಷದಲ್ಲೇ ಹೆಚ್ಚಿನವರ ಅಭಿಮಾನ ಸೊರಗುತ್ತದೆ. ಊರು ಬದಲಾಗಿರುತ್ತದೆ, ಪರಿಚಿತ ಆಟಗಾರರೂ ಇರುವುದಿಲ್ಲ. ಎಲ್ಲ ಪಂದ್ಯ ನೋಡುವ ಹಟ ಬಿಡಿ, ವರ್ಷಕ್ಕೆ ಮೂರು ಸಾಕು, ಆದರೆ ಮೂರನ್ನೂ ಯಾರ ಜೊತೆಗಾದರೂ ನೋಡಿ. ಫೋನಿನಲ್ಲಿ ಒಬ್ಬರೇ ಸ್ಕೋರ್ ನೋಡಿಕೊಳ್ಳುವ ಅಭ್ಯಾಸ ಅಭಿಮಾನವನ್ನು ಒಳಗಿಂದ ಗೆದ್ದಲಿನಂತೆ ತಿನ್ನುತ್ತದೆ.

ಸೀಸನ್ ಟಿಕೆಟ್ ಕೊಳ್ಳುವವರು ಬೆಲೆಯ ಜೊತೆ ಸೀಟಿಗಾಗಿ ಕೇಳುವ ವಾರ್ಷಿಕ ದೇಣಿಗೆಯನ್ನೂ ಕೂಡಿಸಿ ನೋಡಿ. ಮೊದಲು ಆ ದೇಣಿಗೆಯ ಶೇ. 80 ಭಾಗಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇತ್ತು, 2018ರಿಂದ ಅದಿಲ್ಲ. ಹಳೆಯ ಲೆಕ್ಕ ಹೇಳುವವರ ಮಾತು ನಂಬಬೇಡಿ. ಇನ್ನು, ವರ್ಷಗಟ್ಟಲೆ ಕೊಟ್ಟ ದೇಣಿಗೆಯಿಂದ ಜಮೆಯಾದ ಅಂಕಗಳ ಮೇಲೆ ಸೀಟಿನ ಸರದಿ ನಿಂತಿರುತ್ತದೆ. ಟಿಕೆಟ್ ಬಿಟ್ಟರೆ ಮತ್ತೆ ಅದೇ ಸಾಲು ಸಿಗುವುದು ಅನುಮಾನ. ಸಿಟ್ಟಿನಲ್ಲಿ ಬಿಡಬೇಡಿ ಎಂದದ್ದು ಇದಕ್ಕೇ. ಹೋಗಲಾಗದ ವರ್ಷ ಟಿಕೆಟ್ಟನ್ನು ಗೆಳೆಯರಿಗೆ ಹಂಚಿ, ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಅಪ್ಪ ಪರ್ಡೂನಲ್ಲಿ ಎಂಜಿನಿಯರಿಂಗ್ ಓದಿ, ಮಗಳು ಇಂಡಿಯಾನಾಗೆ ಸೇರಿದಾಗ ಏನು ಮಾಡಬೇಕು? ತವರು, ಗಂಡನ ಮನೆಯ ಲೆಕ್ಕವೇ ಇಲ್ಲೂ ನಡೆಯುತ್ತದೆ. ವರ್ಷದ ಹನ್ನೊಂದು ವಾರ ಮಗಳ ತಂಡ ಗೆಲ್ಲಲಿ ಅನ್ನಿ, ಬಕೆಟ್ ವಾರ ಹಳೆಯ ಚಿನ್ನ–ಕಪ್ಪು ಬಣ್ಣಕ್ಕೆ ಮರಳಿ. ತಮ್ಮ ಕಾಲೇಜನ್ನು ಪೂರ್ತಿ ಬಿಟ್ಟು ಮಗಳ ಕಡುಗೆಂಪು–ಕೆನೆಬಣ್ಣಕ್ಕೆ ಹಾರಿದ ಅಪ್ಪಂದಿರನ್ನು ಮಕ್ಕಳೇ ಆಡಿಕೊಳ್ಳುತ್ತಾರೆ. ಜಿದ್ದು ಉಳಿದರೆ ತಾನೇ ಮನೆಯಲ್ಲಿ ಮಾತು ಉಳಿಯುವುದು.

ಸೋತು ಸುಣ್ಣವಾದ ವರ್ಷ

ಪರ್ಡೂ ಫುಟ್‌ಬಾಲ್ 2024ರಲ್ಲಿ ಗೆದ್ದದ್ದು ಒಂದು, ಸೋತದ್ದು ಹನ್ನೊಂದು. ಇಂಥ ವರ್ಷದಲ್ಲಿ ಸಿಟ್ಟಿನಿಂದ ಕಡಿದುಕೊಳ್ಳುವುದಕ್ಕಿಂತ ಪಕ್ಕದ ಅಂಗಳಕ್ಕೆ ಸರಿಯುವುದು ಜಾಣತನ. ಅದೇ ಕಾಲೇಜಿನ ಬಾಸ್ಕೆಟ್‌ಬಾಲ್ ನೋಡಿ, ವಾಲಿಬಾಲ್ ನೋಡಿ. ಬಾಸ್ಕೆಟ್‌ಬಾಲ್‌ನಲ್ಲಿ ಪರ್ಡೂ 2023ರ ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕ ಇಟ್ಟುಕೊಂಡೂ ಹದಿನಾರನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63–58ರಲ್ಲಿ ಸೋತು ನಗೆಪಾಟಲಾಯಿತು. ಆ ರಾತ್ರಿ ಟಿವಿ ಆರಿಸಿ ಇನ್ನು ಸಾಕು ಅಂದವರು ಮರುವರ್ಷ 1969ರ ನಂತರದ ಮೊದಲ ಫೈನಲ್ ತಪ್ಪಿಸಿಕೊಂಡರು. ಫೈನಲ್‌ನಲ್ಲೂ ಸೋತರು ಅನ್ನುವುದು ಬೇರೆ ಮಾತು. ಆರ್‌ಸಿಬಿ ಕಪ್‌ಗೆ 2008ರಿಂದ 2025ರವರೆಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೆಲ್ಲುವ ವರ್ಷದ ತೊಂದರೆಯೇ ಬೇರೆ. ಇಂಡಿಯಾನಾ ತಂಡದ ಊರಾದ ಬ್ಲೂಮಿಂಗ್ಟನ್‌ನಲ್ಲಿ ಒಂದು ಕಾಲಕ್ಕೆ ಮಧ್ಯಂತರಕ್ಕೇ ಖಾಲಿಯಾಗುತ್ತಿದ್ದ ಸ್ಟ್ಯಾಂಡುಗಳಲ್ಲಿ ಈಗ ಜಾಗವಿಲ್ಲ. ಹೊಸಬರನ್ನು ‘ಈಗ ಬಂದ್ರಾ’ ಎಂದು ಹಂಗಿಸಬೇಡಿ, ಅವರಲ್ಲಿ ಕೆಲವರು ಉಳಿಯುತ್ತಾರೆ. ಮರುಮಾರಾಟದ ಟಿಕೆಟ್ ಬೆಲೆ ಏರಿದಾಗ ದುರ್ಬಲ ಎದುರಾಳಿಯ ಪಂದ್ಯ ಆರಿಸಿ, ಪಂದ್ಯ ಶುರುವಾಗುವ ಒಂದು ಗಂಟೆ ಮುಂಚೆ ಇನ್ನೊಮ್ಮೆ ಬೆಲೆ ನೋಡಿ.

ಬೆಂಗಳೂರಿಗೆ ಮರಳಿದವರಿಗೆ

ಇಂಡಿಯಾನಾ ಸಮಯ ಮಧ್ಯಾಹ್ನ 12ರ ಪಂದ್ಯ ಇಲ್ಲಿ ಶನಿವಾರ ರಾತ್ರಿ 9.30ಕ್ಕೆ, 3.30ರದ್ದು ರಾತ್ರಿ 1ಕ್ಕೆ, ಸಂಜೆ 7.30ರದ್ದು ಭಾನುವಾರ ಬೆಳಗ್ಗೆ 5ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ತಿರುಗಿಸುವುದರಿಂದ ಅಂದಿನಿಂದ ಎಲ್ಲಕ್ಕೂ ಒಂದು ಗಂಟೆ ಕೂಡಿಸಿ. ಈ ಲೆಕ್ಕ ತಪ್ಪುವುದೇ ಬಕೆಟ್ ಪಂದ್ಯದ ದಿನ. ಸಮಯವೂ ಮೊದಲೇ ಗೊತ್ತಾಗುವುದಿಲ್ಲ; ಟಿವಿಯವರು ಎಷ್ಟೋ ಪಂದ್ಯಗಳದ್ದನ್ನು 12 ದಿನ, ಕೆಲವನ್ನು 6 ದಿನ ಇರುವಾಗ ಮಾತ್ರ ಹೇಳುತ್ತಾರೆ. ಹಾಗಾಗಿ ಆ ವಾರಾಂತ್ಯಕ್ಕೆ ಊರಿಗೆ ಬಸ್ ಟಿಕೆಟ್ ಮಾಡಿಸುವ ಮುಂಚೆ ಕಾಯಿರಿ. ರಾತ್ರಿ 1ರ ಪಂದ್ಯಗಳನ್ನು ನೇರವಾಗಿ ನೋಡುವ ಸಾಹಸ ನಲವತ್ತರ ನಂತರ ಬೇಡ, ಫೋನ್ ಆರಿಸಿ ಮಲಗಿ ಬೆಳಗ್ಗೆ ಮುಖ್ಯಾಂಶ ನೋಡಿದರಾಯಿತು. ಬೆಳಗಿನ 5ರದ್ದೇ ಎಲ್ಲಕ್ಕಿಂತ ಅನುಕೂಲ. ಎಂಟೂವರೆ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ, ದೋಸೆ ಹೋಟೆಲಿನಲ್ಲಿ ಭಾನುವಾರದ ಸರದಿ ಇನ್ನೂ ಬೆಳೆದಿರುವುದಿಲ್ಲ.