ಮನೆಯೊಳಗಿನ ಕುಂಡದಲ್ಲಿ ಅಮರಿಲ್ಲಿಸ್: ಚಿತ್ರದುರ್ಗದಲ್ಲಿ ನನ್ನ ಅನುಭವ

ಗೆಡ್ಡೆಯಿಂದ ಬರುವ ಹೂಗಿಡವನ್ನು ಮನೆಯೊಳಗೆ ಬೆಳೆಸುವವರು ಮೊದಲು ತಿಳಿಯಬೇಕಾದದ್ದು, ಆ ಗೆಡ್ಡೆ ವಿಶ್ರಮಿಸುವುದು ಚಳಿಯಲ್ಲೋ ಒಣಹವೆಯಲ್ಲೋ ಎಂಬುದನ್ನು. ಟ್ಯುಲಿಪ್ ಗೆಡ್ಡೆಗೆ 12ರಿಂದ 16 ವಾರ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪು ಬೇಕು. ಚಿತ್ರದುರ್ಗದ ಚಳಿಗಾಲದಲ್ಲಿ ಅದು ಸಿಗದು. ಫ್ರಿಜ್ಜಿನಲ್ಲಿಟ್ಟರೆ ಪಕ್ಕದ ಮಾಗಿದ ಹಣ್ಣುಗಳಿಂದ ಹೊರಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಎಳೆ ಮೊಗ್ಗನ್ನು ಕೆಡಿಸುತ್ತದೆ. ಆದ್ದರಿಂದ ನಾನು ನರ್ಸರಿಗಳಲ್ಲಿ ಅಮರಿಲ್ಲಿಸ್ ಎಂದು ಮಾರುವ, ದಕ್ಷಿಣ ಅಮೆರಿಕ ಮೂಲದ ಹಿಪಿಯಾಸ್ಟ್ರಮ್ಮನ್ನು ಆರಿಸಿಕೊಂಡೆ. ಅದಕ್ಕೆ ಬೇಕಾದದ್ದು ನೀರಿಲ್ಲದ ಬಿಡುವು ಮಾತ್ರ, ಅದಕ್ಕೆ ನಮ್ಮ ಬಯಲುಸೀಮೆಯಲ್ಲಿ ಕೊರತೆಯಿಲ್ಲ.

ಗೆಡ್ಡೆಯ ಸುತ್ತ ಎರಡು ಬೆರಳಗಲ ಜಾಗ ಉಳಿಯುವಷ್ಟೇ ದೊಡ್ಡದಾದ ಮಣ್ಣಿನ ಕುಂಡವನ್ನು ಬಳಸುತ್ತೇನೆ, ಏಕೆಂದರೆ ಅಗಲವಾದ ಕುಂಡದಲ್ಲಿ ಬೇರು ತಲುಪದ ಮಣ್ಣು ತೇವ ಹಿಡಿದುಕೊಂಡು ಗೆಡ್ಡೆ ಕೊಳೆಯುತ್ತದೆ. ನೀರು ಬಿಡದ ಎರೆಮಣ್ಣು ಇದಕ್ಕೆ ಒಗ್ಗದು. ಕೆಂಪುಮಣ್ಣು, ಮರಳು, ಎರೆಹುಳು ಗೊಬ್ಬರ ಬೆರೆಸಿ, ಗೆಡ್ಡೆಯ ಮೇಲಿನ ಮೂರನೇ ಒಂದು ಭಾಗ ಹೊರಗಿರುವಂತೆ ನೆಡುತ್ತೇನೆ. ಮೊಳಕೆ ಕಾಣುವವರೆಗೆ ನೀರು ಬಹಳ ಕಡಿಮೆ. ಕುಂಡ ಪೂರ್ವದ ಕಿಟಕಿಯಲ್ಲಿರುತ್ತದೆ. ಹೂಕಾಂಡ ಬೆಳಕಿನತ್ತ ವಾಲುವುದರಿಂದ ಆಗಾಗ ತಿರುಗಿಸುತ್ತೇನೆ. ಬೋರ್‌ವೆಲ್ ನೀರಿನ ಲವಣ ಮಣ್ಣಿನ ಮೇಲೆ ಬಿಳಿಯಾಗಿ ಕಟ್ಟಿದಾಗ, ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಹಾಯಿಸಿ ತಳದಿಂದ ಬಸಿದುಹೋಗಲು ಬಿಡುತ್ತೇನೆ.

ಹೂ ಬಾಡಿದ ಮೇಲಿನ ತಿಂಗಳುಗಳೇ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ. ಹಲವರು ಆಗ ಕುಂಡವನ್ನು ಮೂಲೆಗೆ ಸರಿಸುತ್ತಾರೆ, ಆದರೆ ಗೆಡ್ಡೆಯೊಳಗೆ ಸಾಮಾನ್ಯವಾಗಿ ನಾಲ್ಕು ಎಲೆಗಳಿಗೊಂದರಂತೆ ಹೂಮೊಗ್ಗು ರೂಪುಗೊಳ್ಳುವುದರಿಂದ, ಈ ಅವಧಿಯಲ್ಲಿ ಎಲೆ ಸೊರಗಿದರೆ ಮುಂದಿನ ಹೂವೂ ಇಲ್ಲವಾಗುತ್ತದೆ. ಹೂಕಾಂಡವನ್ನಷ್ಟೇ ಕತ್ತರಿಸಿ, ಎಲೆಗಳಿಗೆ ಮನೆಯಲ್ಲಿ ಅತಿ ಹೆಚ್ಚು ಬೆಳಕಿರುವ ಜಾಗವನ್ನು ಕೊಟ್ಟು, ಮಳೆಗಾಲ ಮುಗಿಯುವವರೆಗೂ ನೀರು, ಗೊಬ್ಬರ ತಪ್ಪಿಸುವುದಿಲ್ಲ. ಎಲೆಯ ಬುಡದ ಸಂದಿಯಲ್ಲಿ ಹಿಟ್ಟುತಿಗಣೆ ಅಡಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ.

ನವೆಂಬರಿನಲ್ಲಿ ನೀರು ನಿಲ್ಲಿಸಿ, ಎಲೆ ತಾನಾಗಿ ಹಳದಿಯಾದ ಮೇಲೆ ಕುಂಡವನ್ನು ಸುಮಾರು ಹತ್ತು ವಾರ ತಂಪಾದ ಒಣ ಕೋಣೆಯಲ್ಲಿಡುತ್ತೇನೆ. ಫೆಬ್ರವರಿಯಲ್ಲಿ ಮತ್ತೆ ನೀರು ಕೊಟ್ಟರೆ ಆರರಿಂದ ಎಂಟು ವಾರದಲ್ಲಿ ಹೂ ಅರಳುತ್ತದೆ. ಕುಂಡದಿಂದ ಹೊರತೆಗೆದ ಗೆಡ್ಡೆಯನ್ನು ಮಾತ್ರ ಅಡುಗೆಮನೆಯ ಹತ್ತಿರವೂ ಇಡಬಾರದು. ಈರುಳ್ಳಿ ಬೆಳೆಯುವ ನಮ್ಮ ಜಿಲ್ಲೆಯ ಮನೆಗಳಲ್ಲಿ ಅದು ಸುಲಭವಾಗಿ ಈರುಳ್ಳಿಯ ರಾಶಿಗೆ ಸೇರಿಬಿಡಬಹುದು, ಅದರಲ್ಲಿರುವ ಲೈಕೋರಿನ್ ವಿಷಕಾರಿ. ನಾನು ಹೆಸರು ಬರೆದ ಬಟ್ಟೆಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆಟುಕದಂತೆ ತೂಗುಹಾಕುತ್ತೇನೆ.