ನಡೆಯುತ್ತಲೇ ಹೊರದೇಶ: ಐದು ವ್ಯಾಟ್ ಮತ್ತು ಬಾಲದ ತಂತಿಯ ಲೆಕ್ಕ

ಬೆನ್ನಿಗೆ ರೇಡಿಯೊ ಕಟ್ಟಿಕೊಂಡು, ಎಲ್ಲಿಯೂ ನಿಲ್ಲದೆ ನಡೆಯುತ್ತಲೇ, ಐದು ವ್ಯಾಟ್‌ನಲ್ಲಿ ಯುರೋಪಿನವರೆಗೆ ಮಾತನಾಡಲು ಸಾಧ್ಯ ಎಂದು ನಾನು ಹೇಳಿದಾಗ ಬೆಂಗಳೂರಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರಲ್ಲಿ ನಂಬಿದವರು ಇಬ್ಬರೋ ಮೂವರೋ. ಹಿರಿಯ ಓಎಂ (ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯುವ "ಓಲ್ಡ್ ಮ್ಯಾನ್") ಒಬ್ಬರು, "ಟವರ್ ಮೇಲೆ ಯಾಗಿ ಆಂಟೆನಾ, ಕೆಳಗೆ ನಾನೂರು ವ್ಯಾಟ್ ಇಟ್ಕೊಂಡೇ ನಮಗೆ ಒಂದೊಂದು ದಿನ ಬೆವರು ಇಳಿಯುತ್ತೆ, ನೀವು ಕಡ್ಡಿ ಹಿಡ್ಕೊಂಡು ವಾಕಿಂಗ್ ಹೋಗ್ತೀರಾ?" ಎಂದು ಕೇಳಿದ್ದರು. ಈಗ ನನ್ನ ಲಾಗ್‌ನಲ್ಲಿ ನಡೆಯುತ್ತಾ ಮಾಡಿದ ಸಂಪರ್ಕಗಳಿಂದಲೇ ಅರವತ್ತಕ್ಕೂ ಹೆಚ್ಚು ದೇಶಗಳಿವೆ. ಅದೇ ಓಎಂ ಕಳೆದ ತಿಂಗಳು ಆಂಟೆನಾದ ಕಾಯಿಲ್ (ತಂತಿಯ ಸುರುಳಿ) ಸುತ್ತುವ ಬಗೆಯನ್ನು ಕೇಳಲು ಫೋನ್ ಮಾಡಿದ್ದರಿಂದ, ಎಲ್ಲರಿಗೂ ಒಮ್ಮೆಲೇ ಬರೆದುಬಿಡುವುದು ಒಳ್ಳೆಯದೆಂದು ಕುಳಿತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು; ಹತ್ತಿಪ್ಪತ್ತು ಪ್ರತಿಶತ ಆಚೀಚೆ ಇದ್ದರೆ ಸಹಿಸಿಕೊಳ್ಳಿ.

ಮೊದಲು ವ್ಯಾಟ್‌ನ ಭಯವನ್ನು ಮುಗಿಸುತ್ತೇನೆ. ನೂರು ವ್ಯಾಟ್‌ನಿಂದ ಐದಕ್ಕೆ ಇಳಿದರೆ ಕಳೆದುಕೊಳ್ಳುವುದು 13 ಡೆಸಿಬೆಲ್, ಅಂದರೆ ಎರಡು ಎಸ್ ಯೂನಿಟ್‌ಗಿಂತ (ರೇಡಿಯೊದ ಸಿಗ್ನಲ್ ಮೀಟರಿನ ಎರಡು ಗುರುತಿಗಿಂತ) ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಎಲ್‌ಇಡಿ ಬಲ್ಬುಗಳ ಡ್ರೈವರ್, ಇನ್ವರ್ಟರ್, ಲಿಫ್ಟ್ ಮೋಟಾರ್, ಪಕ್ಕದ ಮನೆಯ ಚಾರ್ಜರ್ ಎಲ್ಲವೂ ಸೇರಿ 21 ಮೆಗಾಹರ್ಟ್ಸ್‌ನಲ್ಲಿ ಎಸ್7, ಎಸ್8ರ ಗದ್ದಲ ಎಬ್ಬಿಸುತ್ತವೆ. ಕೆರೆಯ ಏರಿಯ ಮೇಲೆ ಅದೇ ಬ್ಯಾಂಡ್‌ನಲ್ಲಿ ಮೀಟರ್ ಎಸ್1ರಿಂದ ಮೇಲೇಳುವುದಿಲ್ಲ. ಕಳುಹಿಸುವಾಗ ಹೋದ 13 ಡೆಸಿಬೆಲ್‌ನ ಎರಡರಷ್ಟನ್ನೋ ಮೂರರಷ್ಟನ್ನೋ ಕೇಳುವಾಗ ಹಿಂದಕ್ಕೆ ಪಡೆಯುತ್ತೇನೆ. ಮನೆಯಲ್ಲಿ ನೂರು ವ್ಯಾಟ್ ಇಟ್ಟುಕೊಂಡ ಗೆಳೆಯರಿಗೆ ಕೇಳಿಸದೇ ಹೋದ ಪೆಸಿಫಿಕ್ ದ್ವೀಪವೊಂದು ನನಗೆ 5-5 (ಮೊದಲ ಅಂಕಿ ಮಾತಿನ ಸ್ಪಷ್ಟತೆ, ಎರಡನೆಯದು ಸಿಗ್ನಲ್‌ನ ಬಲ) ಕೇಳಿಸಿ, ಎರಡನೆಯ ಕರೆಗೇ ಉತ್ತರಿಸಿತು ಎಂಬುದನ್ನು ಇಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ಇನ್ನು ಹಣದ ಕಥೆ. ಸೆಕೆಂಡ್‌ಹ್ಯಾಂಡ್ ಎಫ್‌ಟಿ-817ಕ್ಕೆ ಸುಮಾರು ನಲವತ್ತು ಸಾವಿರ ಕೊಟ್ಟೆ. ಬ್ಯಾಟರಿ ಸೇರಿ ಒಂದು ಕಿಲೋ ಇನ್ನೂರು ಗ್ರಾಂ ತೂಗುವ, ಐದು ವ್ಯಾಟ್ ಕೊಡುವ ಆ ಪೆಟ್ಟಿಗೆಯ ಬಗ್ಗೆ ನಿಮಗೆ ಹೇಳಬೇಕಾದ್ದೇನೂ ಇಲ್ಲ. ಅದಕ್ಕೆ ನಾಲ್ಕು ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡೂವರೆ ಸಾವಿರ, ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ನಾಲ್ಕೂವರೆ ಸಾವಿರ. ಇಲ್ಲಿಯವರೆಗೆ ಪಶ್ಚಾತ್ತಾಪವಿಲ್ಲ. ಹೊಟ್ಟೆ ಉರಿಯುವುದು ಆಂಟೆನಾಗಳ ಖರ್ಚಿಗೆ. ವಿದೇಶದಿಂದ ತರಿಸಿದ, ಎಲ್ಲ ಬ್ಯಾಂಡ್‌ಗಳಿಗೂ ಹೊಂದುತ್ತದೆಂದು ಹೊಗಳಿಸಿಕೊಂಡ ರೆಡಿಮೇಡ್ ಕಡ್ಡಿ ಆಂಟೆನಾಕ್ಕೆ ಹನ್ನೊಂದು ಸಾವಿರ ಹೋಯಿತು. ಅದರ ಮೇಲೆ ಕಸ್ಟಮ್ಸ್ ಸುಂಕ ಬೇರೆ. ಎರಡು ತಿಂಗಳ ಕಾಲ ಅದನ್ನು ಹೊತ್ತು ನಡೆದು ಗಳಿಸಿದ್ದು ಶ್ರೀಲಂಕಾ, ಒಮಾನ್ ಮತ್ತು ಕತ್ತುನೋವು. ಕೊನೆಗೆ ಕೆಲಸ ಮಾಡಿದ ಆಂಟೆನಾದ ಸಾಮಾನೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಮತ್ತು ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾವಿರ ರೂಪಾಯಿಯ ಒಳಗೇ ಸಿಕ್ಕಿತು.

ನಡುವೆ ಬಿದ್ದುಹೋದ ಪ್ರಯತ್ನಗಳನ್ನೂ ಹೇಳಬೇಕು, ಏಕೆಂದರೆ ಅವನ್ನೇ ಮತ್ತೆ ಮಾಡುವವರನ್ನು ನೋಡುತ್ತಿದ್ದೇನೆ. ಭುಜದ ಮೇಲೆ ಮ್ಯಾಗ್ನೆಟಿಕ್ ಲೂಪ್ ಕಟ್ಟಿದೆ. ನಿಂತಲ್ಲಿ ಅದು ಚೆನ್ನಾಗಿತ್ತು. ನಡೆಯಲು ಆರಂಭಿಸಿದರೆ ತಲೆ ತಿರುಗಿಸಿದಾಗಲೆಲ್ಲ ಟ್ಯೂನಿಂಗ್ ಜಾರುತ್ತಿತ್ತು, ಏಕೆಂದರೆ ಅದರ ಬ್ಯಾಂಡ್‌ವಿಡ್ತ್ (ಒಮ್ಮೆ ಹೊಂದಿಸಿದರೆ ಕೆಲಸ ಮಾಡುವ ವ್ಯಾಪ್ತಿ) ತೀರ ಕಿರಿದು. ಮೀನು ಹಿಡಿಯುವ ಫೈಬರ್ ಗಳುವಿಗೆ ಉದ್ದ ತಂತಿ ಸುತ್ತಿ ಎತ್ತಿಕೊಂಡು ನಡೆದದ್ದು ಗಾಳಿಗೂ ಹೊಂಗೆ ಮರಗಳಿಗೂ ಒಪ್ಪಿಗೆಯಾಗಲಿಲ್ಲ. ಮೇಲಾಗಿ ಈ ಊರಿನಲ್ಲಿ ತಲೆಯ ಮೇಲೆ ಎಲ್ಲಿ ನೋಡಿದರೂ ವಿದ್ಯುತ್ ತಂತಿ ಇರುವಾಗ ಐದಾರು ಮೀಟರ್ ಉದ್ದದ ಗಳುವನ್ನು ಹಿಡಿದು ತಿರುಗುವುದು ಪ್ರಾಣಕ್ಕೆ ಸಂಚಕಾರ. ಮೂರನೆಯದು, ದೇಹವನ್ನೇ ನೆಲವೆಂದು (ಆಂಟೆನಾದ ಇನ್ನೊಂದು ಅರ್ಧವೆಂದು) ಬಳಸಿ, ಆಂಟೆನಾವನ್ನು ರೇಡಿಯೊಗೆ ತಾನೇ ಹೊಂದಿಸುವ ಆಟೋ ಟ್ಯೂನರ್‌ಗೆ ಉಳಿದದ್ದನ್ನು ಬಿಟ್ಟದ್ದು. ಟ್ಯೂನರ್ ಎಸ್‌ಡಬ್ಲ್ಯೂಆರ್ (ರೇಡಿಯೊಗೆ ಬೇಕಾದ ಐವತ್ತು ಓಮ್‌ಗೆ ಆಂಟೆನಾ ಎಷ್ಟು ಹೊಂದಿದೆಯೆಂಬ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) 1.1 ಎಂದು ತೋರಿಸಿ ಸಂತೋಷಪಡಿಸಿತು, ಮೈಕ್‌ನ ಲೋಹದ ಜಾಲರಿ ತುಟಿಗೆ ತಗುಲಿದಾಗಲೆಲ್ಲ ಚುರುಕ್ಕೆಂದಿತು, ಮತ್ತು ಹೊರದೇಶದವರು ಯಾರೂ ಉತ್ತರಿಸಲಿಲ್ಲ.

ಈ 1.1 ಎಂಬ ಅಂಕಿಯೇ ನಮ್ಮಲ್ಲಿ ಬಹಳಷ್ಟು ಜನರನ್ನು ಕೆಡಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಡ್ಡ ಕಡ್ಡಿಯ ವಿಕಿರಣ ರೋಧ (ನಿಜವಾಗಿ ಅಲೆಯಾಗಿ ಹೊರಹೋಗುವ ಶಕ್ತಿಯ ಪಾಲಿನ ರೋಧ) ಇಪ್ಪತ್ತು ಓಮ್‌ನ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಟ್ಯೂನರ್ ಇಲ್ಲದೆಯೇ ಮೀಟರ್ ಸರಿಯಾಗಿ ಐವತ್ತು ಓಮ್ ತೋರಿಸುತ್ತಿದ್ದರೆ ಉಳಿದ ಮೂವತ್ತು ಓಮ್ ನೆಲದಲ್ಲಿ, ಕಾಯಿಲ್‌ನಲ್ಲಿ, ನಮ್ಮ ಬೆನ್ನಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತಿದೆ ಎಂದು ಅರ್ಥ. ನನ್ನ ಆಂಟೆನಾಕ್ಕೆ ನೆಲವಾಗಿ ನಾನು ಹಿಂದೆ ಎಳೆದುಕೊಂಡು ಹೋಗುವ ಬಾಲದ ತಂತಿಯನ್ನು ಸರಿಪಡಿಸಿದಂತೆಲ್ಲ ಎಸ್‌ಡಬ್ಲ್ಯೂಆರ್ 1.1ರಿಂದ 1.5ಕ್ಕೆ, ಅಲ್ಲಿಂದ ಹೆಚ್ಚುಕಡಿಮೆ 2ಕ್ಕೆ ಏರಿತು. ಅದೇ ಹೊತ್ತಿಗೆ ದೂರದಲ್ಲಿ ಇಟ್ಟಿದ್ದ, ಹೊರಬಂದ ಅಲೆಯ ಬಲ ಅಳೆಯುವ ಫೀಲ್ಡ್ ಸ್ಟ್ರೆಂತ್ ಮೀಟರ್‌ನ ಮುಳ್ಳೂ ಏರಿತು. ಆ ಮೀಟರ್ ಎಂದರೆ ಒಂದು ಮೈಕ್ರೋಆಂಪ್ ಮೀಟರು, ಒಂದು ಗೇಣು ತಂತಿ ಮತ್ತು ಹಿಂದೆ ನಮ್ಮ ಬಿಇಎಲ್ ತಯಾರಿಸುತ್ತಿದ್ದಂತಹ ಹಳೆಯ ಜರ್ಮೇನಿಯಂ ಡಯೋಡ್, ಅಷ್ಟೇ. ಸಾವಿರಾರು ರೂಪಾಯಿಯ ಉಪಕರಣಗಳು ಹೇಳದ ಸತ್ಯವನ್ನು ಹೇಳಿದ್ದು ಇನ್ನೂರು ರೂಪಾಯಿಯ ಆ ಡಬ್ಬಿ.

ಈಗಿನ ವ್ಯವಸ್ಥೆ ಹೀಗಿದೆ. ಬೆನ್ನಿನ ಚೀಲದ ಅಲ್ಯೂಮಿನಿಯಂ ಚೌಕಟ್ಟಿನಿಂದ ತಲೆಗಿಂತ ಒಂದು ಅಡಿ ಹಿಂದಕ್ಕೆ ಚಾಚಿದ ಪಿವಿಸಿ ತುಂಡಿನ ಮೇಲೆ ಎರಡೂವರೆ ಮೀಟರ್‌ನ ಟೆಲಿಸ್ಕೋಪಿಕ್ ಕಡ್ಡಿ. 28 ಮೆಗಾಹರ್ಟ್ಸ್‌ನಲ್ಲಿ ಅದು ತಾನೇ ಹೆಚ್ಚುಕಡಿಮೆ ಪೂರ್ತಿ ಕಾಲು ತರಂಗ (ತರಂಗದ ಉದ್ದದ ನಾಲ್ಕರಲ್ಲೊಂದು), ಕಾಯಿಲ್ ಬೇಕಿಲ್ಲ. 21ರಲ್ಲಿ ಕಾಲು ತರಂಗಕ್ಕೆ ಮೂರೂವರೆ ಮೀಟರ್ ಬೇಕಾಗುವುದರಿಂದ ಸಣ್ಣ ಕಾಯಿಲ್, 18ರಲ್ಲಿ ಸ್ವಲ್ಪ ದೊಡ್ಡದು. ಕಾಯಿಲ್‌ಗಳನ್ನು ಪ್ಲಂಬಿಂಗ್ ಪೈಪಿನ ಮೇಲೆ ದಪ್ಪ ಎನಾಮಲ್ ತಂತಿಯಿಂದ, ಸುತ್ತುಗಳ ನಡುವೆ ಜಾಗ ಬಿಟ್ಟು ಸುತ್ತಿದ್ದೇನೆ, ಮತ್ತು ಅವು ಕಡ್ಡಿಯ ಬುಡದಲ್ಲಿಲ್ಲ, ಮೂರರಲ್ಲೊಂದು ಪಾಲು ಮೇಲಿವೆ. ಬುಡದಿಂದ ಮೇಲಕ್ಕೆ ಏರಿಸಿದ್ದರಿಂದಲೇ ಮುಳ್ಳು ಎದ್ದು ಕಾಣುವಷ್ಟು ಏರಿತು. ಇನ್ನೂ ಮೇಲೆ ಏರಿಸಿದರೆ ಕಡ್ಡಿ ಬಾಗಿ ಎದುರಿಗೆ ಬರುವವರ ಮೂಗಿಗೆ ತಾಗುತ್ತದೆ.

ಬಾಲದ ತಂತಿ ಸಾಮಾನ್ಯ ಪಿವಿಸಿ ಹೊದಿಕೆಯ ಫ್ಲೆಕ್ಸಿಬಲ್ ವೈರ್. ಅದನ್ನು ಬನಾನಾ ಪ್ಲಗ್‌ನಿಂದ ಸಿಕ್ಕಿಸಿದ್ದೇನೆ, ಬಿಗಿಯಾಗಿ ಕಟ್ಟಿಲ್ಲ. ಕೆರೆಯ ಸುತ್ತ ಬೆಳಗಿನ ವಾಕಿಂಗ್ ಬರುವವರು, ಸೈಕಲ್ ಮಕ್ಕಳು, ಎಲ್ಲರಿಗಿಂತ ಹೆಚ್ಚಾಗಿ ಬೀದಿನಾಯಿಗಳು ಅದನ್ನು ತುಳಿಯದೆ ಬಿಡುವುದಿಲ್ಲ. ತುಳಿದರೆ ಪ್ಲಗ್ ಕಳಚಿಕೊಳ್ಳಬೇಕೇ ಹೊರತು ರೇಡಿಯೊ ಕೆಳಗೆ ಬೀಳಬಾರದು, ಅವರೂ ಮುಗ್ಗರಿಸಬಾರದು. ತಂತಿ ಕಾಲು ತರಂಗದ ಲೆಕ್ಕದ ಉದ್ದಕ್ಕೇ ಇರಬೇಕೆಂದು ಎಲ್ಲರೂ ಹೇಳುತ್ತಾರೆ. ನೆಲಕ್ಕೆ ತಾಗಿದ ತಂತಿ ಆ ಲೆಕ್ಕವನ್ನು ಕೇಳುವುದಿಲ್ಲ. ಲಾಲ್‌ಬಾಗ್‌ನ ಬಂಡೆಯ ಒಣ ಮೈಮೇಲೆ ಹಾಸಿದಾಗಲೂ ಪಕ್ಕದ ಒದ್ದೆ ಹುಲ್ಲಿನ ಮೇಲೆ ಹಾಸಿದಾಗಲೂ ನ್ಯಾನೋವಿಎನ್‌ಎ ತೋರಿಸಿದ ಅನುರಣನದ (ಆಂಟೆನಾ ತಾನಾಗಿ ಹೊಂದಿಕೊಳ್ಳುವ ಕಂಪನಾಂಕದ) ನಡುವೆ ಮುನ್ನೂರು ನಾನೂರು ಕಿಲೋಹರ್ಟ್ಸ್ ಅಂತರವಿತ್ತು. ಅಷ್ಟು ವ್ಯತ್ಯಾಸವನ್ನು ನಡೆಯುತ್ತಾ ಹೇಗೆ ಸಂಭಾಳಿಸುವುದೆಂದರೆ, ತಂತಿಯ ತುದಿಯ ಒಂದು ಮೊಳದಷ್ಟು ಭಾಗಕ್ಕೆ ನಾನು ಒಂದು ಸಣ್ಣ ಉಪಾಯ ಮಾಡಿದ್ದೇನೆ. ಅದನ್ನು ಕಂಡುಕೊಳ್ಳಲು ಒಂದು ಮಳೆಗಾಲ ಪೂರ್ತಿ ಹೋಗಿದೆಯಾದ್ದರಿಂದ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಮೀಟರ್ ಹಿಡಿದು ಸಂಜೆ ಎರಡು ಗಂಟೆ ಕುಳಿತರೆ ನಿಮಗೂ ಹೊಳೆಯುತ್ತದೆ.

ಎಲ್ಲಿ ನಡೆಯಬೇಕೆಂಬುದು ಎರಡನೆಯ ಪ್ರಶ್ನೆ. ನಂದಿ ಬೆಟ್ಟ 1,478 ಮೀಟರ್ ಎತ್ತರವಿದೆಯೆಂದು ಮೊದಲು ಅಲ್ಲಿಗೇ ಓಡಿದ್ದೆ. ವಿಎಚ್‌ಎಫ್‌ಗೆ (ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುವ ಮೇಲಿನ ತರಂಗಗಳಿಗೆ) ಅದು ಸ್ವರ್ಗ. ಎಚ್‌ಎಫ್‌ನಲ್ಲಿ (ಹೊರದೇಶಕ್ಕೆ ನಾನು ಬಳಸುವ ತರಂಗಗಳಲ್ಲಿ) ಒಣ ಗ್ರಾನೈಟ್‌ನ ಮೇಲೆ ಬಾಲ ಎಳೆದದ್ದಕ್ಕೆ ವಿಶೇಷ ಲಾಭ ಕಾಣಲಿಲ್ಲ. ಕೆರೆಯ ಏರಿಯ ಗುಣ ಬೇರೆ. ದಾರಿ ನೇರವಾಗಿರುತ್ತದೆ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಇಳಿಜಾರು, ತೂಬಿನ ಹತ್ತಿರ ಮಣ್ಣು ಬೇಸಗೆಯಲ್ಲಿಯೂ ತಂಪು. ನಮ್ಮೂರಿನಿಂದ ಯುರೋಪ್ ವಾಯವ್ಯಕ್ಕಿದೆ, ಅಮೆರಿಕದ ದಾರಿ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಧ್ರುವದ ಕಡೆಯಿಂದ, ಜಪಾನ್ ಈಶಾನ್ಯಕ್ಕೆ. ಹಾಗಾಗಿ ಉತ್ತರಕ್ಕೆ ನೀರೋ ಬಯಲೋ ತೆರೆದಿರುವ ಏರಿಯನ್ನು ಹುಡುಕಬೇಕು. ಹೆಸರಘಟ್ಟದ ಹುಲ್ಲುಗಾವಲಿನ ಕಡೆಯೂ ಗದ್ದಲ ಬಹಳ ಕಡಿಮೆ. ನನ್ನ ಏರಿ ಯಾವುದೆಂದು ಮಾತ್ರ ಹೇಳುವುದಿಲ್ಲ. ಈಗಾಗಲೇ ಅಲ್ಲಿನ ಗಾರ್ಡ್‌ಗೆ ನನ್ನೊಬ್ಬನನ್ನು ವಿವರಿಸಿಕೊಳ್ಳುವುದೇ ಸಾಕಾಗಿದೆ. ಜಕ್ಕೂರು, ಯಲಹಂಕದ ವಿಮಾನ ನೆಲೆಗಳ ಸುತ್ತಮುತ್ತ ಕಡ್ಡಿ ಎತ್ತಿಕೊಂಡು ತಿರುಗಬೇಡಿ, ಲೈಸೆನ್ಸ್‌ನ ಪ್ರತಿಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಒಮ್ಮೆ ಗಸ್ತಿನ ಪೊಲೀಸರು "ಏನ್ ಸಾರ್ ಇದು?" ಎಂದು ನಿಲ್ಲಿಸಿದಾಗ, ಹೆಡ್‌ಫೋನ್ ಅವರ ಕಿವಿಗೇ ಕೊಟ್ಟು ಇಟಲಿಯವನ ಮಾತು ಕೇಳಿಸಿದ್ದು ಲೈಸೆನ್ಸ್‌ಗಿಂತ ಬೇಗ ಕೆಲಸ ಮಾಡಿತು.

ನೀರಿನ ಪಕ್ಕದಲ್ಲಿ ನಡೆದರೆ ಲಾಭವಿದ್ದಾಗ ನೀರಿನೊಳಗೇ ಬಾಲ ಇಳಿಬಿಟ್ಟರೆ ಹೇಗೆ ಎಂದು ಕೋಡಿಯ ಬಳಿ ಪ್ರಯತ್ನಿಸಿದೆ. ಹೇಳಿಕೊಳ್ಳುವಂತಹ ಬದಲಾವಣೆ ಇಲ್ಲ. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಸಿಹಿನೀರಿನದು ಅದರ ನೂರರಲ್ಲೊಂದು ಪಾಲೂ ಇರುವುದಿಲ್ಲ. ನಮ್ಮ ಕೆಲವು ಕೆರೆಗಳಿಗೆ ಸೇರುತ್ತಿರುವ ಕೊಳಚೆಯನ್ನು ನೋಡಿದರೆ ಅವು ಈ ವಿಷಯದಲ್ಲಿ ಸ್ವಲ್ಪ ಮುಂದಿರಬಹುದು, ಆದರೆ ಆ ಪ್ರಯೋಗಕ್ಕೆ ನನ್ನ ಮೂಗು ಒಪ್ಪಲಿಲ್ಲ. ಮದುವೆಯೊಂದಕ್ಕೆ ಉಡುಪಿಗೆ ಹೋದಾಗ ಇದೇ ಸರಂಜಾಮನ್ನು ಮಲ್ಪೆಗೆ ಹೊತ್ತೊಯ್ದು, ಅಲೆ ಬಂದು ಹೋಗುವ ಗೆರೆಯ ಮೇಲೆ ನಡೆದೆ. ಬೆಂಗಳೂರಿನಲ್ಲಿ ನನಗೆ 5-3 ಕೊಡುತ್ತಿದ್ದ ದಕ್ಷಿಣ ಆಫ್ರಿಕಾದ ಸ್ಟೇಷನ್ ಅಲ್ಲಿ 5-6 ಕೊಟ್ಟಿತು. ರೇಡಿಯೊ ಅದೇ, ಕಡ್ಡಿ ಅದೇ. ಮದುವೆಯ ಊಟದ ಹೊತ್ತಿಗೆ ಪ್ಯಾಂಟ್ ಮೊಣಕಾಲಿನವರೆಗೂ ಒದ್ದೆಯಾಗಿತ್ತು ಎಂಬುದು ಮನೆಯವರ ದೂರು.

ಹೊತ್ತಿನ ವಿಷಯದಲ್ಲಿ ನಾನು ಯಾವ ಮುನ್ಸೂಚನೆಯ ಕೋಷ್ಟಕವನ್ನೂ ನಂಬುವುದಿಲ್ಲ, ಬೀಕನ್‌ಗಳನ್ನು (ತಾವಾಗಿಯೇ ಕರೆಸಂಕೇತ ಕಳುಹಿಸುತ್ತಿರುವ ಗುರುತಿನ ಸ್ಟೇಷನ್‌ಗಳನ್ನು) ಕೇಳುತ್ತೇನೆ. 14.100, 18.110, 21.150, 24.930 ಮತ್ತು 28.200 ಮೆಗಾಹರ್ಟ್ಸ್‌ಗಳಲ್ಲಿ ಜಗತ್ತಿನ ಹದಿನೆಂಟು ಬೀಕನ್‌ಗಳು ಒಂದೊಂದೂ ಹತ್ತು ಸೆಕೆಂಡಿನಂತೆ ಮೂರು ನಿಮಿಷಕ್ಕೊಮ್ಮೆ ಸರದಿ ಮುಗಿಸುತ್ತವೆಂಬುದು ನಿಮಗೆ ಗೊತ್ತು. ಕರೆಸಂಕೇತದ ನಂತರ ಬರುವ ನಾಲ್ಕು ಗೀಟುಗಳು ನೂರು, ಹತ್ತು, ಒಂದು ಮತ್ತು ಹತ್ತನೇ ಒಂದು ವ್ಯಾಟ್‌ನವು. ನನ್ನ ನಿಯಮ ಒಂದೇ: ಫಿನ್ಲೆಂಡಿನ ಬೀಕನ್‌ನ ಹತ್ತು ವ್ಯಾಟ್‌ನ ಗೀಟು ನಡೆಯುತ್ತಿರುವಾಗ ಕೇಳಿಸಿದರೆ ನನ್ನ ಐದು ವ್ಯಾಟ್ ಅಲ್ಲಿಗೆ ತಲುಪೀತು, ಇಲ್ಲವಾದರೆ ಬ್ಯಾಂಡ್ ಬದಲಿಸು ಅಥವಾ ಮನೆಗೆ ನಡೆ. ಎಷ್ಟೋ ಸಲ ಫಿನ್ಲೆಂಡ್ ಸ್ಪಷ್ಟವಾಗಿ ಕೇಳಿಸುವಾಗ, ಏಳುನೂರು ಕಿಲೋಮೀಟರ್ ದೂರದ ಕೊಲಂಬೊ ಬೀಕನ್ ಸ್ಕಿಪ್‌ನೊಳಗೆ (ಆಕಾಶದಿಂದ ಮರಳುವ ಅಲೆ ಹಾರಿಹೋಗುವ ಹತ್ತಿರದ ವಲಯದೊಳಗೆ) ಬಿದ್ದು ಪೂರ್ತಿ ಮಾಯವಾಗಿರುತ್ತದೆ. 21ರಲ್ಲಿ ಜಪಾನಿಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಯುರೋಪಿಗೆ ಮಧ್ಯಾಹ್ನ ಮೂರರಿಂದ ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಸಿಗುತ್ತದೆ. ಅಮೆರಿಕದ ಪೂರ್ವ ಕರಾವಳಿ ಸಂಜೆ ಆರೂವರೆಯ ಆಸುಪಾಸಿನಲ್ಲಿ ಅರ್ಧ ಗಂಟೆ ಬಂದು ಹೋಗುತ್ತದೆ. ಇದು 25ನೆಯ ಸೌರಚಕ್ರದ (ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುವ ಚಕ್ರದ) ಏರುಗಾಲದಲ್ಲಿ ಕಂಡ ಮಾತು. 2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಿಂದಲೂ ಕೆಂಪು ಅರೋರಾ ಕಂಡ ಆ ಭೂಕಾಂತೀಯ ಬಿರುಗಾಳಿಯ ದಿನ ಏರಿಯ ಉದ್ದಕ್ಕೂ ನಡೆದು ಬಂದರೂ ಲಾಗ್ ಖಾಲಿ, ರೇಡಿಯೊ ಕೆಟ್ಟಿದೆಯೆಂದೇ ತಿಳಿದಿದ್ದೆ.

ಐದು ವ್ಯಾಟ್‌ನವನು ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗುತ್ತಾ ನಡೆದರೆ ಬ್ಯಾಟರಿ ಮುಗಿಯುತ್ತದೆ, ಸಂಪರ್ಕ ಆಗುವುದಿಲ್ಲ. ಕೂಗುವವರನ್ನು ಹುಡುಕಿ ಉತ್ತರಿಸಬೇಕು. ಅಕ್ಟೋಬರ್ ಕೊನೆಯ ಪೂರ್ತಿ ವಾರಾಂತ್ಯದ ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಯ ಭಾನುವಾರ ಮಧ್ಯಾಹ್ನಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಅಷ್ಟು ಹೊತ್ತಿಗೆ ದೊಡ್ಡ ಸ್ಟೇಷನ್‌ಗಳು ಗಟ್ಟಿ ದನಿಯವರನ್ನೆಲ್ಲ ಮುಗಿಸಿ, ಹೊಸ ಕರೆಸಂಕೇತಕ್ಕಾಗಿ ಹಸಿದು ಕುಳಿತಿರುತ್ತವೆ. ಅವುಗಳ ಸಾಲು ಸಾಲು ಯಾಗಿಗಳು ನನ್ನ ಕಡ್ಡಿಯ ಕೊರತೆಯನ್ನು ತುಂಬಿಕೊಡುತ್ತವೆ. ಕಳೆದ ಸ್ಪರ್ಧೆಯಲ್ಲಿ ಆ ಒಂದು ಮಧ್ಯಾಹ್ನವೇ ಇಪ್ಪತ್ತರ ಹತ್ತಿರ ದೇಶಗಳು ಸಿಕ್ಕವು. ಪೈಲಪ್ (ಒಬ್ಬರನ್ನೇ ಹಲವರು ಒಟ್ಟಿಗೆ ಕರೆಯುವ ನೂಕುನುಗ್ಗಲು) ಇದ್ದಲ್ಲಿ ಎಲ್ಲರೂ ಕೂಗಿ ಮುಗಿಸಿದ ಅರೆಕ್ಷಣದ ಬಿಡುವಿನಲ್ಲಿ, ನೂರೈವತ್ತು ಹರ್ಟ್ಸ್ ಮೇಲೆ ಜರುಗಿ, ಒಮ್ಮೆ ಮಾತ್ರ ಕರೆಯುತ್ತೇನೆ. ಸಾಮಾನ್ಯ ದಿನಗಳಲ್ಲಿ "ಪೆಡೆಸ್ಟ್ರಿಯನ್ ಮೊಬೈಲ್" ಎಂದರೆ ಸಾಕು, ಆ ಕಡೆಯವರು ಉಳಿದವರನ್ನೆಲ್ಲ ಸುಮ್ಮನಿರಿಸಿ ನನ್ನನ್ನು ಕೇಳಿಸಿಕೊಳ್ಳುತ್ತಾರೆ. ಜರ್ಮನಿಯ ಒಬ್ಬರು, ನಾನು ಏರಿ ಹತ್ತುತ್ತಿದ್ದಾಗ, ನಿಮ್ಮ ಏದುಸಿರು 5-7, ಮಾತು 5-5 ಎಂದು ರಿಪೋರ್ಟ್ ಕೊಟ್ಟರು.

ಬಾಕಿ ಉಳಿದಿರುವುದು ಅಮೆರಿಕದ ಪಶ್ಚಿಮ ಕರಾವಳಿ. ಹದಿನಾಲ್ಕು ಸಾವಿರ ಕಿಲೋಮೀಟರ್, ಅದೂ ಧ್ರುವದ ಮೇಲಿನ ದಾರಿ. ಬೆಳಗಿನ ಹೊತ್ತು 14.100ರಲ್ಲಿ ಕ್ಯಾಲಿಫೋರ್ನಿಯಾದ ಬೀಕನ್‌ನ ನೂರು ವ್ಯಾಟ್‌ನ ಗೀಟು ಆಗಾಗ ಕೇಳಿಸುತ್ತದೆ, ಹತ್ತರದ್ದು ಇದುವರೆಗೆ ಕೇಳಿಸಿಲ್ಲ. ನನ್ನ ನಿಯಮದ ಪ್ರಕಾರ ಧ್ವನಿಯಲ್ಲಿ ಅದು ಆಗದ ಮಾತು, ಆದ್ದರಿಂದ ಮೋರ್ಸ್‌ಗೆ ಹೋಗುತ್ತಿದ್ದೇನೆ. ಎಡ ಅಂಗೈಗೆ ಪಟ್ಟಿಯಿಂದ ಕಟ್ಟುವ ಪ್ಯಾಡಲ್ (ಮೋರ್ಸ್ ಒತ್ತುವ ಕೀಲಿ) ಸಿದ್ಧವಾಗಿದೆ. ಅದನ್ನು ಒತ್ತುತ್ತಾ ನಡೆದರೆ ಹೆಜ್ಜೆಯ ತಾಳಕ್ಕೆ ಚುಕ್ಕೆಗಳು ಹೆಚ್ಚುಕಡಿಮೆಯಾಗುತ್ತಿವೆ. ವೇಗವನ್ನು ನಿಮಿಷಕ್ಕೆ ಹದಿನಾಲ್ಕು ಪದಕ್ಕೆ ಇಳಿಸಿ, 14 ಮೆಗಾಹರ್ಟ್ಸ್‌ಗೆಂದು ಹೊಸ ಕಾಯಿಲ್ ಸುತ್ತಲು ಇನ್ನಷ್ಟು ದಪ್ಪ ತಂತಿ ತಂದಿಟ್ಟಿದ್ದೇನೆ. ಈ ಬಾರಿ ತಂತಿಗೆ ಮುನ್ನೂರ ಐವತ್ತು ರೂಪಾಯಿ ಆಯಿತು.